ಬೆಂಗ್ರೆಗೆ ಹೋಗುವ ಬೋಟು

ನನ್ನ ಮೊಮ್ಮಗ ಮೂಡುಬಿದಿರೆಯಲ್ಲಿ ಐದನೇ ತರಗತಿ ಓದುತ್ತಾನೆ. ಇದುವರೆಗೆ ಅವನು ದೋಣಿ ಹತ್ತಿರಲಿಲ್ಲ. ನೇತ್ರಾವತಿ ದಂಡೆಯಲ್ಲಿ ಬೆಳೆದ ನನಗೆ ಇದೊಂದು ಕೊರತೆಯಾಗಿಯೇ ಕಾಣುತ್ತಿತ್ತು. ಕಳೆದ ರಜೆಯಲ್ಲಿ ಮಗಳು ಅವನನ್ನು ಬಸ್ಸಿನಲ್ಲಿ ಮಂಗಳೂರಿಗೆ ಕರೆತಂದಳು, ನಾನು ಬಂಟ್ವಾಳದಿಂದ ಹೋದೆ. ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಭೇಟಿಯಾಗಿ ಹಳೆ ಬಂದರಿಗೆ ನಡೆದೆವು. ಆಟೋ ಬೇಕಾಗಿಲ್ಲ. ಗೋದಾಮುಗಳು, ಲಾರಿಗಳು, ಒಣಮೀನಿನ ವಾಸನೆ ಎಲ್ಲ ದಾಟಿದರೆ ನೀರು ಕಾಣುತ್ತದೆ.

ಎದುರಿಗೆ ಕಾಣುವ ತೆಂಗಿನ ಸಾಲೇ ಬೆಂಗ್ರೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಅರಬ್ಬಿ ಸಮುದ್ರ, ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ. ಅಲ್ಲಿಯವರಿಗೆ ಪೇಟೆ ಕಣ್ಣೆದುರಿಗೇ ಇದೆ, ಆದರೆ ರಸ್ತೆಯಲ್ಲಿ ಬರಬೇಕಾದರೆ ತಣ್ಣೀರುಬಾವಿ, ಕೂಳೂರು ಎಂದು ಸುತ್ತಬೇಕು. ಹಾಗಾಗಿ ಶಾಲೆ, ಆಸ್ಪತ್ರೆ, ಸಂತೆ ಎಲ್ಲದಕ್ಕೂ ಬೋಟೇ ಗತಿ.

ಬೋಟಿನಲ್ಲಿ ನೋಡಲೆಂದು ಬಂದವರು ನಾವು ಮೂವರೇ. ಉಳಿದವರೆಲ್ಲ ಖಾಲಿ ಬುಟ್ಟಿಯ ಮೀನಿನ ಹೆಂಗಸರು, ಕಾಲೇಜಿನ ಹುಡುಗರು, ಅಕ್ಕಿ ಮೂಟೆ ಹೊತ್ತವರು. ಹಣ ತೆಗೆದುಕೊಳ್ಳುವ ಹುಡುಗ ತಲೆ ಎಣಿಸುತ್ತಲೇ ಚಿಲ್ಲರೆಯನ್ನೂ ಎಣಿಸುತ್ತಿದ್ದ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದ ನನಗೂ ಆ ವೇಗ ಇರಲಿಲ್ಲ.

"ನೀನು ಬರುವಾಗ ಗುರುಪುರದಲ್ಲಿ ಸೇತುವೆ ದಾಟಿದೆಯಲ್ಲ, ಇದು ಅದೇ ನೀರು" ಎಂದೆ. ಅವನು ನಂಬಲಿಲ್ಲ. ಫಲ್ಗುಣಿ ಎಂದೂ ಕರೆಯುವ ಈ ಗುರುಪುರ ಹೊಳೆ ವೇಣೂರು, ಪೊಳಲಿ ದಾಟಿ ಬರುತ್ತದೆ. ನೇತ್ರಾವತಿ ಧರ್ಮಸ್ಥಳ, ಉಪ್ಪಿನಂಗಡಿ, ಬಂಟ್ವಾಳದ ದಾರಿ ಹಿಡಿದು ಬರುತ್ತದೆ. ಬೆಳ್ತಂಗಡಿ ತಾಲೂಕಿನಲ್ಲಿ ಎರಡೂ ಹರಿಯುತ್ತವೆ, ಇಲ್ಲಿ ಅಳಿವೆ ಬಾಗಿಲಿನ ಹತ್ತಿರ ಕೂಡುತ್ತವೆ. ಅಜ್ಜ ಒಂದು ಹೊಳೆಯ ದಾರಿಯಲ್ಲಿ, ಮೊಮ್ಮಗ ಇನ್ನೊಂದರ ದಾರಿಯಲ್ಲಿ ಬಂದು ಸೇರಿದ ಹಾಗಾಯಿತು.

ಈ ಬಂದರು ಬಹಳ ಹಳೆಯದು. 14ನೇ ಶತಮಾನದಲ್ಲಿ ಬಂದಿದ್ದ ಇಬ್ನ್ ಬತೂತ ಇಲ್ಲಿ ಪರ್ಷಿಯಾ, ಯೆಮೆನ್ ದೇಶಗಳ ವರ್ತಕರನ್ನು ಕಂಡಿದ್ದ. ಸ್ವಲ್ಪ ಉತ್ತರಕ್ಕೆ ಹೋದರೆ, ಯುದ್ಧದ ಹಡಗುಗಳು ಹೊಳೆಯೊಳಗೆ ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇದೆ. ಅಲ್ಲಿಂದಲೂ ಆಚೆ ದಡಕ್ಕೆ ಬೋಟು ಉಂಟು. ಘಟ್ಟದಿಂದ ಇಳಿದ ಕಾಫಿ ನಮ್ಮ ಬಂಟ್ವಾಳಕ್ಕೆ ಬಂದು, ಅಲ್ಲಿಂದ ದೋಣಿಯಲ್ಲಿ ಮಂಗಳೂರಿಗೆ ಇಳಿಯುತ್ತಿದ್ದ ಕಾಲವಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಣ್ಣು ಸಾಗಿಸುವ ದೋಣಿಗಳೂ ಸೇರಿಕೊಂಡವು. ಆದರೆ ಅಳಿವೆಯಲ್ಲಿ ಮರಳು ತುಂಬಿ ದೊಡ್ಡ ಹಡಗು ಒಳಗೆ ಬಾರದು. ಅದು ದೂರ ಸಮುದ್ರದಲ್ಲಿ ನಿಲ್ಲಬೇಕು, ಸರಕನ್ನು ಸಣ್ಣ ದೋಣಿಗಳಲ್ಲಿ ಒಯ್ಯಬೇಕು. 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ಶುರುವಾಗಿ ದೊಡ್ಡ ಹಡಗುಗಳು ಅಲ್ಲಿಗೆ ಹೋದವು. ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು ಒಯ್ಯುವ ಮಂಜಿಗಳು, ಮೀನುಗಾರಿಕೆಯ ಧಕ್ಕೆ, ಈ ಕಡವು ಇಲ್ಲೇ ಉಳಿದವು.

ನಮ್ಮ ಪಕ್ಕದಲ್ಲಿ ಒಬ್ಬ ತಾಯಿ ಜ್ವರದ ಮಗುವನ್ನು ಹೆಗಲಿಗೆ ಹಾಕಿ ಕುಳಿತಿದ್ದರು. ವೆನ್ಲಾಕ್ ಆಸ್ಪತ್ರೆಗೆ ತೋರಿಸಿ ಬಂದದ್ದಂತೆ. "ರಾತ್ರಿ ಜ್ವರ ಬಂದರೆ?" ಎಂದು ಮೊಮ್ಮಗ ಕೇಳಿಯೇಬಿಟ್ಟ. "ಬೋಟು ನಿಂತ ಮೇಲೆ ರಿಕ್ಷಾ ಹುಡುಕಿ ಸುತ್ತಿ ಹೋಗುವುದು ಮಗಾ" ಎಂದರು ಆಕೆ ತುಳುವಿನಲ್ಲಿ.

ನಾನು ಸುಮ್ಮನಾದೆ. ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮ ಮನೆ ಬಂಟ್ವಾಳ ಪೇಟೆಯ ಆಚೆ ದಡದಲ್ಲಿತ್ತು. ಆಟಿ ತಿಂಗಳ ಒಂದು ರಾತ್ರಿ ತಂಗಿಗೆ ಜ್ವರ ಏರಿತು. ಅಪ್ಪ ಅವಳನ್ನು ಕಂಬಳಿಯಲ್ಲಿ ಸುತ್ತಿ ಕಡವಿಗೆ ತಂದರು, ನಾನು ಲಾಟೀನು ಹಿಡಿದಿದ್ದೆ. ಅಂಬಿಗ ನೀರು ನೋಡಿ ಆಗುವುದಿಲ್ಲ ಎಂದ. ಪಾಣೆಮಂಗಳೂರಿನ ಸೇತುವೆಗೆ ಸುತ್ತಿ ಹೋಗಲು ಆ ಮಳೆಯಲ್ಲಿ ಗಾಡಿ ಎಲ್ಲಿಂದ ತರುವುದು? ಬೆಳಗಾಗುವ ತನಕ ಅವನ ಜೋಪಡಿಯಲ್ಲೇ ಕುಳಿತೆವು. ತಂಗಿ ಉಳಿದಳು, ಒಂದು ಕಿವಿ ಹೋಯಿತು. ಅಪ್ಪ ಅಂಬಿಗನನ್ನು ಎಂದೂ ದೂರಲಿಲ್ಲ. ಅವನು ದೋಣಿ ಇಳಿಸಿದ್ದರೆ ಈ ಮಾತು ಬರೆಯಲು ನಾನೂ ಇರುತ್ತಿರಲಿಲ್ಲವೇನೋ.

ಮೊಮ್ಮಗನಿಗೆ ಇದನ್ನು ಹೇಳುವಷ್ಟರಲ್ಲಿ ಬೆಂಗ್ರೆ ಬಂದಿತ್ತು. ದಾಟಲು ಹಿಡಿಯುವುದೇ ಕೆಲವು ನಿಮಿಷ. ಮರಳಲ್ಲಿ ನಡೆದು ಆಚೆ ಬದಿಯ ಸಮುದ್ರ ನೋಡಿದೆವು. ನೀವೂ ಹೋಗುವುದಾದರೆ ಮಳೆಗಾಲ ಬಿಟ್ಟು ಹೋಗಿ. ಬೆಳಿಗ್ಗೆ, ಸಂಜೆ ಶಾಲೆ ಮತ್ತು ಕೆಲಸದವರ ಹೊತ್ತು. ಆಗ ಅವರಿಗೆ ಜಾಗ ಬಿಡುವುದು ಒಳ್ಳೆಯದು. ಮಕ್ಕಳನ್ನು ಅಂಚಿನಲ್ಲಿ ಕೂರಿಸಬೇಡಿ.

ಮರಳುವ ಬೋಟಿನಲ್ಲಿ ಮೊಮ್ಮಗ ನೀರನ್ನು ನೋಡಲಿಲ್ಲ. ನೇರವಾಗಿ ಬೋಟಿನವರ ಹತ್ತಿರ ಹೋಗಿ ಕೊನೆಯ ಬೋಟು ಎಷ್ಟು ಗಂಟೆಗೆ ಎಂದು ಕೇಳಿದ. ಮನೆಗೆ ಹೋಗಿ ಅಜ್ಜಿಗೆ, ಅಂದರೆ ಬಂಟ್ವಾಳದ ನನ್ನ ತಂಗಿಗೆ, ಫೋನು ಮಾಡಿ ಜೋರಾಗಿ ಎಲ್ಲ ಹೇಳಿದನಂತೆ. ಅವಳಿಗೆ ಜೋರಾಗಿಯೇ ಹೇಳಬೇಕು.