ಚಿಗರಿ ಬಸ್ಸಿನಲ್ಲಿ ಅಜ್ಜಿಯ ಸೀರೆ

ಧಾರವಾಡದ ನಮ್ಮ ಓಣಿಗೆ ಕಸದ ಗಾಡಿ ಬೆಳಗ್ಗೆ ಏಳಕ್ಕೆ ಬರುತ್ತದೆ. ಹಾಡು ಕೇಳಿಸಿದ ಕೂಡಲೇ ಎರಡೂ ಬಕೆಟ್ ಹಿಡಿದು ಓಡುವುದು ನನ್ನ ಪಾಲಿನ ಕೆಲಸ. ಕಳೆದ ಬೇಸಿಗೆಯಲ್ಲಿ ಒಂದು ದಿನ ಗಾಡಿಯ ಅಕ್ಕ ನನ್ನ ಬಕೆಟ್‌ನಿಂದ ಒದ್ದೆ ಬಿಳಿ ಹಾಳೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಅಣ್ಣಾರ, ಇದು ಹಸೀ ಕಸಾನೋ, ಒಣಾ ಕಸಾನೋ?”

ಬಾಯಿ ತೆರೆದೆ, ಉತ್ತರ ಬರಲಿಲ್ಲ. ಮುಟ್ಟಿದರೆ ಹಸಿ, ನೋಡಿದರೆ ಕಾಗದ, ಪ್ಯಾಕೆಟ್ಟಿನ ಹಿಂದಿನ ಸಣ್ಣಕ್ಷರ ಓದಿದರೆ ಪಾಲಿಯೆಸ್ಟರ್. ಗೊಬ್ಬರವೂ ಆಗದು, ಗುಜರಿಯವರೂ ಕೊಳ್ಳರು. ಅಕ್ಕ ನನ್ನ ಮುಖ ನೋಡಿ, ತಾವೇ ಒಂದು ಕಡೆ ಒಗೆದು ಮುಂದೆ ಹೋದರು.

ಆ ಹಾಳೆ ಮನೆಗೆ ಬಂದದ್ದು ನನ್ನಿಂದಲೇ. ಅವ್ವನ ಮೊಣಕಾಲು ಸವೆದಿದೆ, ಇನ್ನು ಕುಕ್ಕರಗಾಲಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. ಮೂವತ್ತು ವರ್ಷ ಕುಕ್ಕರಗಾಲಲ್ಲೇ ಹಿಂದೆ ಹಿಂದೆ ಸರಿಯುತ್ತ ಫರಸಿ ಒರೆಸಿದವಳು ಆಕೆ. ನಾನು ಬೆಂಗಳೂರಿನ ಆಫೀಸಿನ ಕೆಲಸವನ್ನು ತಿಂಗಳಲ್ಲಿ ಎರಡು ವಾರ ಮನೆಯಿಂದಲೇ ಮಾಡುವವನು. ಆನ್‌ಲೈನ್‌ನಲ್ಲಿ ಉದ್ದ ಕೋಲಿನ ಚಪ್ಪಟೆ ಮಾಪ್ ತರಿಸಿದೆ, ಅದಕ್ಕೆ ಸಿಕ್ಕಿಸುವ ಒದ್ದೆ ಹಾಳೆಗಳನ್ನೂ ತರಿಸಿದೆ. ಒರೆಸು, ಒಗೆ. ದೊಡ್ಡ ಮಗನ ಕರ್ತವ್ಯ ಮುಗಿಸಿದ ಹಾಗೆ ಬೀಗಿದೆ. ತಿಂಗಳಿಗೆ ಹತ್ತಿರ ಹತ್ತಿರ 500 ರೂಪಾಯಿ ಹೋಗುತ್ತಿತ್ತು. ಒಂದು ಪಿಜ್ಜಾದ ದುಡ್ಡು, ಹೋಗಲಿ ಬಿಡು ಅಂದುಕೊಂಡಿದ್ದೆ.

ಆದರೆ ನಮ್ಮೂರಿನ ಧೂಳು ಅಂಥ ಹಾಳೆಗೆ ಬಗ್ಗುವಂಥದ್ದಲ್ಲ. ಧಾರವಾಡ ಇರುವುದು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿ. ಈ ಕಡೆ ಕೆಂಪು ಮಣ್ಣು, ಹುಬ್ಬಳ್ಳಿ ದಾಟಿ ಮೂಡಲಿಗೆ ಹೋದರೆ ಕಪ್ಪು ಎರೆ. ಬೇಸಿಗೆಯಲ್ಲಿ ಕಿಟಕಿ ತೆರೆದಿಟ್ಟರೆ ಸಂಜೆಯೊಳಗೆ ನೆಲದ ಮೇಲೆ ಹೆಸರು ಬರೆಯಬಹುದು. ಪಡಸಾಲೆ ಅರ್ಧ ಮುಗಿಯುವಷ್ಟರಲ್ಲಿ ಹಾಳೆ ಕೆಂಪಾಗಿ ಕೆಸರನ್ನೇ ಬಳಿಯಲು ಶುರು ಮಾಡುತ್ತಿತ್ತು.

ಹಾಗಂತ ಬಕೆಟ್ ಬಕೆಟ್ ನೀರು ಚೆಲ್ಲುವ ಊರೂ ಅಲ್ಲ ಇದು. ಅವಳಿ ನಗರದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೇ ದಿನವಿಡೀ ನೀರು ಬಂತು. ನಮ್ಮ ಓಣಿಯಲ್ಲಿ ಮಾತ್ರ ಈಗಲೂ “ನಳಾ ಬಂದಾವ!” ಎಂಬ ಕೂಗಿಗೆ ಜನ ಊಟ ಬಿಟ್ಟು ಏಳುತ್ತಾರೆ. ಸವದತ್ತಿ ಕಡೆಯಿಂದ ಬರುವ ಮಲಪ್ರಭೆಯನ್ನು ಡ್ರಮ್ಮು, ಕೊಡ, ಕುಕ್ಕರ್‌ಗಳಲ್ಲೆಲ್ಲ ತುಂಬಿಸಿಟ್ಟು, ಮುಂದಿನ ಸಲದವರೆಗೆ ಅಳೆದು ಬಳಸಬೇಕು.

ಇದಕ್ಕೆ ಅವ್ವನ ಲೆಕ್ಕವೇ ಬೇರೆ ಇತ್ತು. ಅರಿವಿ ಒಗೆದ ಕೊನೆಯ ನೀರು, ಅಂದರೆ ಸಾಬೂನು ಹೆಚ್ಚುಕಮ್ಮಿ ಹೋದ ನೀರು, ನೆಲಕ್ಕೆ. ಹಳೇ ಧೋತರದ ತುಂಡನ್ನು ಎರಡು ಸಲ ಮಡಚಿದರೆ ನಾಲ್ಕು ಪದರ, ತಿರುಗಿಸಿ ಬಿಚ್ಚುತ್ತ ಹೋದರೆ ಎಂಟು ಶುದ್ಧ ಮಗ್ಗಲು. ಎಂಟೂ ಮುಗಿದ ಮೇಲೆಯೇ ಬಕೆಟ್‌ಗೆ ಅದ್ದುವುದು. ನನ್ನ ಹಾಳೆಗೆ ಇದ್ದದ್ದು ಒಂದೇ ಮಗ್ಗಲು.

ಹಾಳೆ ಬಿಟ್ಟು ಬೇರೆ ದಾರಿ ಹುಡುಕುತ್ತಾ ನಾನು ಮಾಡಿದ ಮೊದಲ ಕೆಲಸವೇ ಎಡವಟ್ಟಾಯಿತು. ವಿಡಿಯೋದಲ್ಲಿ ಯಾರೋ ವಿನೆಗರ್ ನೀರಲ್ಲಿ ಒರೆಸಿದರೆ ನೆಲ ಫಳಫಳ ಅಂದರು. ಅವರದು ಟೈಲ್ಸ್, ನಮ್ಮದು ಶಹಾಬಾದ್ ಕಲ್ಲು. ಕಲಬುರಗಿ ಕಡೆಯ ಆ ಕಲ್ಲು ಸುಣ್ಣದ ಕಲ್ಲು. ಅಲ್ಲಿ ಸಿಮೆಂಟ್ ಮಾಡುವುದೂ ಸುಣ್ಣದ ಕಲ್ಲಿನಿಂದಲೇ. ಹುಳಿ ಬಿದ್ದರೆ ಸುಣ್ಣ ಕರಗುತ್ತದೆ. ದೇವರ ಕೋಣೆ ಮುಂದೆ ಎರಡು ಅಂಗೈ ಅಗಲ ಹೊಳಪು ಹೋಗಿ ಬೆಳ್ಳಗಾಗಿದೆ, ಈಗಲೂ ಹಾಗೇ ಇದೆ. ನಿಂಬೆಹುಳಿಯದೂ ಇದೇ ಕಥೆ. ಹುಳಿಯನ್ನೂ ಬ್ಲೀಚಿಂಗ್ ಪೌಡರನ್ನೂ ಅಪ್ಪಿತಪ್ಪಿಯೂ ಒಂದೇ ಬಕೆಟ್‌ಗೆ ಹಾಕಬೇಡಿ, ಉಸಿರು ಕಟ್ಟಿಸುವ ಕ್ಲೋರಿನ್ ಗಾಳಿ ಏಳುತ್ತದೆ. ಅವ್ವ ಕಲೆ ನೋಡಿ, “ಅಂಟವಾಳಕಾಯಿ ನೆನಿಸಿದ ನೀರು ಸಾಕಾಗಿತ್ತಲ್ಲೋ ತಮ್ಮಾ” ಅಂದಳು, ಅಷ್ಟೇ.

ಕೋಲು ಇರಲಿ, ಹಾಳೆ ಹೋಗಲಿ ಎಂಬ ಉಪಾಯ ಕೊಟ್ಟವಳು ಹುಬ್ಬಳ್ಳಿಯ ಚಿಗವ್ವ. ಬೆಂಗೇರಿಯಲ್ಲಿರುವ ಆಕೆಯ ಮನೆ ಹತ್ತಿರ ಕೌದಿ ಹೊಲಿಯುವ ಅಕ್ಕ ಒಬ್ಬರಿದ್ದಾರಂತೆ. “ಹಳೇ ಹತ್ತಿ ಸೀರಿ ತಗೊಂಡ್ ಬಾ. ನಿನ್ನ ಕೋಲಿನ ಅಳತಿಗೆ ಸಣ್ಣ ಕೌದಿ ಹೊಲಿಸೂಣು.”

ಮನೆಯಲ್ಲಿ ಉಳಿದಿದ್ದ ಹಳೇ ಹತ್ತಿ ಸೀರೆ ಒಂದೇ. ಟ್ರಂಕಿನಲ್ಲಿದ್ದ ಅಜ್ಜಿಯ ಇಳಕಲ್ ಸೀರೆ. ಮಡಿಕೆ ಮಡಿಕೆಯಲ್ಲೂ ಹರಿದಿತ್ತು, ಉಡುವಂತಿರಲಿಲ್ಲ.

“ನಮ್ಮತ್ತಿ ಸೀರಿ ನೆಲಕ್ಕ ಹಾಕೂದೇನು?” ಅವ್ವ ಟ್ರಂಕಿನ ಮುಚ್ಚಳ ಹಾಕಿದಳು. ಇಬ್ಬರಿಗೂ ಜೀವಮಾನವಿಡೀ ಹೊಂದಿಬಂದದ್ದು ಕಡಿಮೆ. ಅದಕ್ಕೇ ಇರಬೇಕು, ಆ ಸೀರೆಯ ಮೇಲೆ ಅವ್ವನಿಗೆ ಅಷ್ಟು ಹಟ. ನಾನು ಸುಮ್ಮನಾದೆ. ಎರಡು ದಿನ ಕಳೆದ ಮೇಲೆ ಸೀರೆ ಪೇಪರಿನಲ್ಲಿ ಸುತ್ತಿ ನನ್ನ ಲ್ಯಾಪ್‌ಟಾಪ್ ಬ್ಯಾಗಿನ ಪಕ್ಕ ಇತ್ತು. ಯಾಕೆ ಮನಸ್ಸು ಬದಲಾಯಿತೋ, ಕೇಳಲಿಲ್ಲ.

ಜುಬಿಲಿ ಸರ್ಕಲ್ ಬಳಿ ಚಿಗರಿ ಹತ್ತಿದೆ. 2018ರಿಂದ ಓಡುತ್ತಿರುವ ಈ ಎ.ಸಿ. ಬಸ್ಸಿನಲ್ಲಿ ಕುಳಿತು ಅವಳಿ ನಗರ ನೋಡುವುದು ನನಗೆ ಇಷ್ಟ. ಪೇರಲಕ್ಕೆ ಹೆಸರಾದ ನವಲೂರು, ನವನಗರ, ಉಣಕಲ್ ಕೆರೆ. ಗಾಜಿನಾಚೆ ಧೂಳು ಏಳುತ್ತದೆ, ಒಳಗೆ ಬರುವುದಿಲ್ಲ. ತೊಡೆಯ ಮೇಲೆ ಅಜ್ಜಿಯ ಸೀರೆ ಇಟ್ಟುಕೊಂಡು, ಯಾರಿಗೋ ಹೇಳದೆ ಏನೋ ಕದ್ದೊಯ್ಯುತ್ತಿರುವವನ ಹಾಗೆ ಕುಳಿತಿದ್ದೆ. ಹೊಸೂರಿನಲ್ಲಿ ಇಳಿದು ಆಟೊ ಹಿಡಿದೆ.

ಬೆಂಗೇರಿ ಎಂದರೆ ರಾಷ್ಟ್ರಧ್ವಜದ ಊರು. 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಧ್ವಜ ಘಟಕ ಇಲ್ಲೇ ಇದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ಬದಲಾಗಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕ ಮೇಲೆ ಖಾದಿ ಬಾವುಟಕ್ಕೆ ಪೆಟ್ಟು ಬಿತ್ತು. ನನ್ನ ಕಸದ ಬಕೆಟ್‌ನಲ್ಲೂ ಅದೇ ಪಾಲಿಯೆಸ್ಟರ್ ಎಂದು ಗೇಟಿನ ಮುಂದೆ ಆಟೊ ಹಾಯುವಾಗ ಹೊಳೆಯಿತು.

ಕೌದಿ ಅಕ್ಕ ಸೀರೆಯನ್ನು ಕಟ್ಟೆಯ ಮೇಲೆ ಹಾಸಿ ಬೆರಳಾಡಿಸಿದರು. ಇಳಕಲ್ ಸೀರೆಯ ಮೈ ಒಂದು, ಸೆರಗು ಒಂದು. ಮೈಯ ಹಾಸಿನ ಎಳೆ, ಸೆರಗಿನ ಎಳೆ ಎರಡನ್ನೂ ಮಗ್ಗದಲ್ಲೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಅಜ್ಜಿಯದು ಹತ್ತಿ ಮೈ, ಕೆಂಪು ರೇಷ್ಮೆ ಸೆರಗು.

“ಸೆರಗು ಒರಸಾಕ ಬರೂದಿಲ್ಲ, ದಡೀನೂ ಬರೂದಿಲ್ಲ. ಮೈ ಅಷ್ಟ ಸಾಕು. ಹತ್ತಿ ನೀರು ಕುಡೀತೈತಿ. ಸೆರಗು ನಿಮ್ಮವ್ವಗ ಒಯ್ಯಿ” ಎಂದು ಕೊಂಡಿಯ ಗುಂಟ ಕತ್ತರಿ ಓಡಿಸಿದರು. ಆಮೇಲೆ ತಲೆ ಎತ್ತಿ, “ಫರಸಿ ಒರಸವರು ಯಾರು?”

“ನಾನ ರೀ ಅಕ್ಕಾರ.”

ಅದು ಆವತ್ತಿನವರೆಗೆ ನಿಜವಾಗಿರಲಿಲ್ಲ. ಕೋಲು ತಂದುಕೊಟ್ಟವನು ನಾನು, ನಿಂತು ಒರೆಸುತ್ತಿದ್ದವಳು ಅವ್ವನೇ.

“ಹಂಗಾರ ಗಟ್ಟಿ ಹೊಲೀತೀನಿ. ಗಂಡಸರು ಹಿಂಡೂದು ಜೋರು” ಎಂದರು. ಚಿಗವ್ವ ನನ್ನ ಕಡೆ ನೋಡಿ ನಕ್ಕಳು.

ನಾಲ್ಕು ತುಂಡು, 400 ರೂಪಾಯಿ. ಆರು ಪದರ ಹತ್ತಿ, ಕೌದಿಯ ಹಾಗೇ ಸಾಲು ಸಾಲು ಹೊಲಿಗೆ, ಕೋಲಿನ ಪಟ್ಟಿಗೆ ಕಟ್ಟಲು ತುದಿಯಲ್ಲಿ ಲಾಡಿ. ಬೇಸಿಗೆ ಮುಗಿಯುವವರೆಗೆ ಚೆನ್ನಾಗಿಯೇ ನಡೆಯಿತು. ಒಂದೊಂದು ಕೋಣೆಗೆ ಒಂದೊಂದು ತುಂಡು, ಎರಡೂ ಮಗ್ಗಲು. ಅಲ್ಲಿಗೆ ಅವ್ವನ ಎಂಟು ಮಗ್ಗಲಿನ ಲೆಕ್ಕವೂ ಸರಿಹೋಯಿತು. ನಾಲ್ಕನ್ನೂ ಕೊನೆಗೆ ಒಟ್ಟಿಗೆ ಜಾಲಿಸಲು ಅರ್ಧ ಬಕೆಟ್ ನೀರು ಸಾಕು.

ಜುಲೈ ಬಂತು. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ಬಿಡದೆ ಎಂಟು ದಿನ. ಆರು ಪದರ ಒಣಗಲೇ ಇಲ್ಲ, ಮನೆಯೆಲ್ಲ ಮುಗ್ಗಲು ವಾಸನೆ. ಅಪ್ಪ ಮೂಗು ಮುಚ್ಚಿಕೊಂಡು ಪೇಪರ್ ಓದಿದರು. ಇಂಥ ವಿಷಯಗಳನ್ನು ವಿಡಿಯೋದವರು ಹೇಳುವುದಿಲ್ಲ ನೋಡಿ. ಹೊಲಿಗೆ ಬಿಚ್ಚಿ ಮೂರು ಮೂರು ಪದರ ಮಾಡಿ ಮತ್ತೆ ಹೊಲಿದವಳು ಅವ್ವ. ಈಗ ಎಂಟು ತುಂಡುಗಳಿವೆ. ಬಿಸಿನೀರಲ್ಲಿ ಅದ್ದಿ ಹಿಂಡಿ, ಒಲೆಕಟ್ಟೆಯ ಮೇಲಿನ ತಂತಿಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಒಣಗುತ್ತವೆ.

ಬೆಂಗಳೂರಿಗೆ ಹೋಗುವ ಎರಡು ವಾರ ಏನು ಮಾಡುವುದು ಎಂಬ ಪ್ರಶ್ನೆ ಬಾಕಿ ಇತ್ತು. ಆಗ ಅಪ್ಪ ಒರೆಸುತ್ತಾರೆ. ಮೂಲೆ ಬಿಡುತ್ತಾರೆ ಎಂದು ಅವ್ವ ಫೋನಿನಲ್ಲಿ ದೂರು ಹೇಳುತ್ತಾಳೆ. ಸೆರಗು ಮತ್ತೆ ಟ್ರಂಕು ಸೇರಿದೆ. ಉಳಿದಿದ್ದ ಅರ್ಧ ಪ್ಯಾಕೆಟ್ ಹಾಳೆಗಳಲ್ಲಿ ಅಪ್ಪ ಸ್ಕೂಟರ್ ಒರೆಸಿಕೊಂಡರು, ಮೊನ್ನೆಗೆ ಅದೂ ಮುಗಿಯಿತು.