ಅಪ್ಪನ ಕ್ಯಾಸೆಟ್ಟು

ನನಗೊಂದು ವಿಚಿತ್ರ ಚಟವಿದೆ. ಬಸ್ಸಿನಲ್ಲಿ ಯಾರದೋ ಮೊಬೈಲಿನಿಂದ ‘ಬಂಗಾರದ ಮನುಷ್ಯ’ದ ಹಾಡು ಕೇಳಿಬಂದು ಮುಗಿಯಿತೆಂದರೆ, ಮುಂದೆ ಯಾವ ಹಾಡೇ ಬರಲಿ, ನನ್ನ ಮನಸ್ಸು ‘ನಾಗರಹಾವು’ ಚಿತ್ರದ ಹಾಡನ್ನು ಗುನುಗತೊಡಗುತ್ತದೆ. ಯಳವತ್ತಿಯ ನಮ್ಮ ಮನೆಯ ಕ್ಯಾಸೆಟ್ಟಿನಲ್ಲಿ ಇದ್ದುದು ಅದೇ ಕ್ರಮ.

ಅದು ಸಿದ್ಧವಾಗಿ ದೊರೆತ ಕ್ಯಾಸೆಟ್ಟಲ್ಲ. ಆಗ ಹಾಡುಗಳ ಪಟ್ಟಿ ಕೊಟ್ಟರೆ, ಬೇರೆ ಬೇರೆ ಚಿತ್ರಗಳ ಗೀತೆಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವ ಅಂಗಡಿಗಳಿದ್ದವು. ೬೦ ನಿಮಿಷದ ಕ್ಯಾಸೆಟ್ಟು. ಒಂದು ಮಗ್ಗುಲಿಗೆ ೩೦ ನಿಮಿಷ. ೧೯೯೯ರಲ್ಲಿ ಶೇಂಗಾ ಮಾರಿದ ಹಣದಿಂದ ಅಪ್ಪ ಪೇಟೆಗೆ ಹೋಗಿ ತುಂಬಿಸಿ ತಂದರು. ಅವರಿಗೆ ಅಕ್ಷರ ಬಾರದು. ಇವರು ಬಾಯಲ್ಲಿ ಹೇಳಿದರು. ಅಂಗಡಿಯವನು ಚೀಟಿಯಲ್ಲಿ ಬರೆದುಕೊಂಡನು.

ಅದರಲ್ಲಿ ಯಾರಿರಲಿಲ್ಲ! ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲ, ಎಸ್. ಪಿ. ಬಾಲಸುಬ್ರಹ್ಮಣ್ಯಂ ಎಲ್ಲರೂ ಒಂದೇ ಮನೆಯವರಂತೆ ಇದ್ದರು. ರಾಜಕುಮಾರರಿಗೆ ಒಂದು ಹಾಡಿನಲ್ಲಿ ಶ್ರೀನಿವಾಸರ ಕಂಠ, ಇನ್ನೊಂದರಲ್ಲಿ ತಮ್ಮದೇ ಕಂಠ. ೧೯೭೪ರ ‘ಸಂಪತ್ತಿಗೆ ಸವಾಲ್’ ಚಿತ್ರದ ತರುವಾಯ ಅವರೇ ಹೆಚ್ಚಾಗಿ ಹಾಡತೊಡಗಿದರೆಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಅಪ್ಪನಿಂದ. ಟೇಪು ಸಿಕ್ಕಾದರೆ ಪೆನ್ಸಿಲ್ ತೂರಿಸಿ ಸುತ್ತುವ ಕೆಲಸ ಮಾತ್ರ ನನ್ನದು.

ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಒಂದು ಸಂಜೆ ಅಪ್ಪ ಕ್ಯಾಸೆಟ್ಟಿನ ಡಬ್ಬಿಯೊಳಗಿಂದ ಮಡಿಚಿದ ಚೀಟಿಯೊಂದನ್ನು ತೆಗೆದರು.

“ಯವ್ವಾ, ಇದರಾಗ ಏನೇನ್ ಬರದಾನ, ಓದು.”

ಅಕ್ಷರ ಕೂಡಿಸಿ ಕೂಡಿಸಿ ಓದಿದೆನು. ಕೊನೆಗೆ ‘ಸಂತ ಶಿಶುನಾಳ ಶರೀಫ’ ಎಂದಿತ್ತು. ೧೯೯೦ರಲ್ಲಿ ಬಂದ, ಸಿ. ಅಶ್ವತ್ಥರ ಸಂಗೀತವಿದ್ದ ಚಿತ್ರ ಅದು.

“ಅಪ್ಪಾ, ಆ ಹಾಡು ನಮ್ಮ ಕ್ಯಾಸೆಟ್ಟಿನಾಗ ಇಲ್ಲಲ್ಲ?”

ಅಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದರು. ನಮ್ಮೂರಿಗೆ ದೂರವಲ್ಲದ ಶಿಶುನಾಳದ ಜಾತ್ರೆಗೆ ತಪ್ಪದೆ ಹೋಗುವ ಅವರಿಗೆ ಆ ಹಾಡೇ ಮುಖ್ಯವಾಗಿತ್ತಂತೆ. ಅದಿಲ್ಲವೆಂದು ಮರುವಾರ ಅಂಗಡಿಗೆ ಹೋಗಿ ಕೇಳಿದರೆ, ಅಂಗಡಿಯವನು, “ನೀ ಹೇಳಿದ್ದನ್ನ ತುಂಬೇನಿ, ಬೇಕಾದ್ರ ಓದಿ ನೋಡು” ಎಂದು ನಾಲ್ಕು ಜನರೆದುರು ಚೀಟಿಯನ್ನು ಕೈಗಿಟ್ಟನಂತೆ. ಅಪ್ಪ ಸುಮ್ಮನೆ ಹಿಂದಿರುಗಿದರು. ಬೇರೆಯವರಿಂದ ಓದಿಸಲು ನಾಚಿಕೆ. ಹದಿಮೂರು ವರ್ಷ ಆ ಚೀಟಿ ಡಬ್ಬಿಯಲ್ಲೇ ಇತ್ತು.

“ಹಂಗಾರ ನಾ ಹೇಳಿದ್ದು ಖರೆ ಇತ್ತು” ಎಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಮರುದಿನ ನನಗೆ ಹೊಸ ಪಾಟಿಚೀಲ ಬಂದಿತು.

ಈಗ ಆ ಹಾಡು ಮೊಬೈಲಿನಲ್ಲಿ ಕ್ಷಣದಲ್ಲಿ ಸಿಗುತ್ತದೆ. ಹಚ್ಚಿಕೊಟ್ಟರೆ ಅಪ್ಪ ಕಣ್ಣು ಮುಚ್ಚಿ ಕೇಳುತ್ತಾರೆ. ನಮ್ಮ ಮನೆತನದಲ್ಲಿ ಬಿ. ಎ. ತರಗತಿಯವರೆಗೆ ಬಂದವಳು ನಾನೇ ಮೊದಲು. ಪದವಿಪತ್ರ ಕೈಗೆ ಬಂದ ದಿನ ಅದನ್ನೂ ಅವರಿಗೆ ಓದಿ ಹೇಳುವೆನು. ಆದರೆ ಅಂದು ಓದಿದ ಆ ಚೀಟಿಗಿಂತ ಅದು ದೊಡ್ಡದೆಂದು ನನಗೆ ತೋರುವುದಿಲ್ಲ.

— ಅಂತಿಮ ಬಿ. ಎ. ವಿದ್ಯಾರ್ಥಿನಿ