ಒಂದೇ ಕೆಲಸದ ಆಟಗಾರ

ಶುಕ್ರವಾರ ಬೆಳಿಗ್ಗೆ ನಮ್ಮ ಮನೆಗೆ ಮೈಸೂರಿನಿಂದ ಅಪ್ಪನ ಫೋನ್ ಬರುತ್ತದೆ. ಹನ್ನೊಂದು ವರ್ಷದ ನನ್ನ ಮಗ ಮತ್ತು ಅವನ ತಾತ ಅರ್ಧ ಗಂಟೆ ಕ್ರಿಕೆಟ್ ಮಾತಾಡುತ್ತಾರೆ. ಇಡೀ ವಾರದಲ್ಲಿ ಅವನು ಮನಸ್ಸಿಟ್ಟು ಕನ್ನಡ ಆಡುವುದು ಆ ಅರ್ಧ ಗಂಟೆ ಮಾತ್ರ.

ನಾವಿರುವುದು ಖಸಬ್‌ನಲ್ಲಿ. ಊರು ಒಮಾನಿನದೇ, ಆದರೆ ರಸ್ತೆಯಲ್ಲಿ ಮಸ್ಕತ್‌ಗೆ ಹೋಗಬೇಕೆಂದರೆ ಯುಎಇ ದಾಟಿ ಮತ್ತೆ ಒಮಾನಿಗೆ ಬರಬೇಕು. ಮಸ್ಕತ್‌ನ ಗೆಳತಿಯರು ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರುತ್ತಾರೆ, ಮಕ್ಕಳ ಕಿವಿಗೆ ಕನ್ನಡ ಬೀಳುತ್ತದೆ. ಇಲ್ಲಿ ಕನ್ನಡವೆಂದರೆ ನಾನು, ನನ್ನ ಗಂಡ ಮತ್ತು ಆ ಫೋನು.

ಹೋದ ವರ್ಷ ಊರಿಂದ ಕಾಗುಣಿತದ ಪುಸ್ತಕ ತಂದೆ. ‘ಕ, ಕಾ, ಕಿ, ಕೀ’ ಬರೆದು ಎದ್ದು ಓಡುತ್ತಿದ್ದ. ಸಿಟ್ಟಿಗೆ ನಾನು ಫೋನಿನ ಪಕ್ಕದಲ್ಲೇ ಕೂರತೊಡಗಿದೆ. ಅವನು “ತಾತ, ಅವನು ಔಟ್ ಆಯ್ತು” ಅಂದರೆ, ನಾನು “ಆಯ್ತು ಅಲ್ಲ, ಆದ” ಅನ್ನುವುದು. ಒಂದು ತಿಂಗಳು ಹೀಗೇ ನಡೆಯಿತು. ಒಂದು ಶುಕ್ರವಾರ ಫೋನ್ ಬಂದಾಗ ಅವನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಒಳಗಿಂದಲೇ ಇಂಗ್ಲಿಷಿನಲ್ಲಿ, ಹೋಂವರ್ಕ್ ಇದೆ ಅಂತ ಹೇಳು ಅಂದ. ಮುಂದಿನ ವಾರವೂ ಅದೇ. “ಮಗು ಹುಷಾರಾಗಿದ್ದಾನೇನಮ್ಮ?” ಎಂದು ಅಪ್ಪ ಕೇಳಿದರು. ನಾನು ಸುಳ್ಳು ಹೇಳಿದೆ.

ಆ ದಿನಗಳಲ್ಲೇ ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ ಅಲ್ಲಿನ ಫುಟ್‌ಬಾಲಿನ ಒಂದು ವಿಡಿಯೊ ಕಳಿಸಿದ. ಒಬ್ಬ ಬಂದ, ಚೆಂಡು ಒದ್ದ, ಹೋಗಿ ಕೂತ. “ಅಮ್ಮ, ಇವನಿಗೆ ಒದೆಯೋದು ಬಿಟ್ಟು ಬೇರೆ ಕೆಲಸ ಇಲ್ವಾ?” ಎಂದ ಮಗ. ಇಬ್ಬರೂ ಹುಡುಕಿ ಓದಿದೆವು. ಆ ಆಟದಲ್ಲಿ ಒದೆಯುವುದಕ್ಕೆಂದೇ ಕಿಕ್ಕರ್ ಇರುತ್ತಾನಂತೆ. ಮಾರ್ಟನ್ ಆಂಡರ್ಸನ್ ಎಂಬಾತ 1977ರಲ್ಲಿ ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಓದಲು ಬಂದ ಹುಡುಗ. ಆ ಆಟ ಅವನಿಗೆ ಹೊಸದು, ಊರಿನ ಫುಟ್‌ಬಾಲ್ ಆಡಿದ ಕಾಲು ಮಾತ್ರ ಇತ್ತು. ಅದೊಂದರಿಂದಲೇ 25 ಸೀಸನ್, 382 ಪಂದ್ಯ ಆಡಿದ. 2017ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

“ನಮ್ಮ ಮೈಸೂರಲ್ಲೂ ಅಂಥವರೊಬ್ಬರು ಹುಟ್ಟಿದ್ದಾರೆ, ತಾತನ್ನ ಕೇಳು” ಅಂದೆ. ಸ್ವಲ್ಪ ಯೋಚಿಸಿ, “ನೀನು ಬರಬಾರದು” ಅಂದ. ಫೋನ್ ಹಿಡಿದು ತಾರಸಿಗೆ ಹೋದ. ನಾನು ಮೆಟ್ಟಿಲ ಮೇಲೆ ಕೂತು ಕದ್ದು ಕೇಳಿಸಿಕೊಂಡೆ.

ಅಪ್ಪ ಹೇಳುತ್ತಿದ್ದುದು ಬಿ. ಎಸ್. ಚಂದ್ರಶೇಖರ್ ಕಥೆ. ಆರನೇ ವಯಸ್ಸಿಗೆ ಪೋಲಿಯೊ ಬಂದು ಬಲಗೈ ಸಣ್ಣಗಾಯಿತು. ಚೆಂಡು ಎಸೆಯುವುದಕ್ಕೆ ಎಡಗೈ, ಬೌಲಿಂಗಿಗೆ ಮಾತ್ರ ಆ ಸಣಕಲು ಬಲಗೈ. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದರು. ಇಂಗ್ಲೆಂಡ್ 101ಕ್ಕೆ ಮುಗಿಯಿತು, ಅಲ್ಲಿ ಭಾರತ ಮೊದಲ ಸಲ ಟೆಸ್ಟ್ ಗೆದ್ದಿತು. ಮುಂದೆ ಮೆಲ್ಬರ್ನ್‌ನಲ್ಲಿ ಎರಡೂ ಇನ್ನಿಂಗ್ಸ್‌ನಲ್ಲಿ 52ಕ್ಕೆ 6. ಆಸ್ಟ್ರೇಲಿಯಾದಲ್ಲಿ ನಮ್ಮ ಮೊದಲ ಗೆಲುವು ಅದು. ಅಪ್ಪ ರೇಡಿಯೊಗೆ ಕಿವಿ ಹಚ್ಚಿ ಕೂತಿದ್ದರಂತೆ.

“ಬ್ಯಾಟಿಂಗ್?” ಎಂದ ಮಗ.

“ಅಯ್ಯೋ, ಅದನ್ನ ಕೇಳಬೇಡ!” 58 ಟೆಸ್ಟ್, 242 ವಿಕೆಟ್, ಒಟ್ಟು ರನ್ 167. ಸೊನ್ನೆಗೆ ಔಟಾಗಿದ್ದು 23 ಸಲ. ಆಸ್ಟ್ರೇಲಿಯಾ ಪ್ರವಾಸದ ಸೊನ್ನೆಗಳ ನೆನಪಿಗೆ ತೂತಿರುವ ಬ್ಯಾಟನ್ನೇ ಉಡುಗೊರೆ ಕೊಟ್ಟಿದ್ದರಂತೆ.

“ರನ್ನಿಗಿಂತ ವಿಕೆಟ್ ಜಾಸ್ತಿ ಬಂದ!” ಮಗ ನಗುತ್ತಿದ್ದ. ವಿಕೆಟ್ “ಬಂದ” ಅಂದಿದ್ದ. ನಾನು ತುಟಿ ಕಚ್ಚಿ ಕೂತೆ.

ಆ ರಾತ್ರಿ ಅಪ್ಪನಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. “ಚಂದ್ರ ಬೌಲಿಂಗಿಗೆ ಓಡಿ ಬರುವಾಗ ಯಾರಾದರೂ ಅಡ್ಡ ನಿಂತು ಬ್ಯಾಟಿಂಗ್ ಪಾಠ ಹೇಳಿದ್ರೇನಮ್ಮ?” ಅಂದರು, ಅಷ್ಟೇ.

ಹಾಗಂತ ಓದು ಬರಹ ಬಿಟ್ಟಿಲ್ಲ. ಚಂದ್ರಶೇಖರ್ ಜೊತೆ ಬ್ಯಾಟ್ ಹಿಡಿಯಲು ಇನ್ನೂ ಹತ್ತು ಜನ ಇದ್ದರು. ಈ ಊರಿನಲ್ಲಿ ನಮ್ಮ ಕನ್ನಡದ ತಂಡ ಚಿಕ್ಕದು, ಇವನೂ ಒಂದು ದಿನ ಬ್ಯಾಟ್ ಹಿಡಿಯಲೇಬೇಕು. ಚಂದ್ರ ಕೂಡ ತಮ್ಮ ಸರದಿ ಬಂದಾಗ ಪ್ಯಾಡ್ ಕಟ್ಟಿಕೊಂಡೇ ಹೋಗುತ್ತಿದ್ದರಲ್ಲ. ಆದರೆ ಶುಕ್ರವಾರದ ಫೋನು ತಾತ ಮೊಮ್ಮಗನದು, ನಾನು ಆ ಹೊತ್ತಿಗೆ ಅಡುಗೆಮನೆಯಲ್ಲಿರುತ್ತೇನೆ. ಪುಸ್ತಕಕ್ಕೆ ಮಂಗಳವಾರ ಸಂಜೆ ಹತ್ತು ನಿಮಿಷ. ಕಾಗುಣಿತದ ಬದಲು ಆಟಗಾರರ ಹೆಸರು ಬರೆಯುತ್ತಾನೆ.

ಮೊನ್ನೆ “ಚಂದರ 242” ಎಂದು ಬರೆದ. ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. ಉತ್ತರ ಬಂತು: “ವಿಕೆಟ್ ಲೆಕ್ಕ ಸರಿ ಇದೆ. ಒತ್ತು ನಿಧಾನವಾಗಿ ಬರಲಿ.”